ಯಂತ್ರದ ಕಣ್ಣು ಊರಿನ ಕೈಯಲ್ಲಿರಲಿ

ಮುಂಗಾರಿಗೆ ಮುನ್ನ ಮಲೆನಾಡಿನ ಅಡಿಕೆ ತೋಟಗಳಲ್ಲಿ ನಡೆಯುವ ಸಿದ್ಧತೆಗಳಲ್ಲಿ ಬೋರ್ಡೋ ದ್ರಾವಣದ ತಯಾರಿ ಮುಖ್ಯವಾದುದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣದ ತಿಳಿಗೆ ತುತ್ತಿನ ನೀರನ್ನು ಸುರಿಯಬೇಕೇ ವಿನಾ ತುತ್ತಿನ ನೀರಿಗೆ ಸುಣ್ಣವನ್ನಲ್ಲ. ಹದ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಈ ಔಷಧಕ್ಕೂ ಮಲೆನಾಡಿಗೂ ಯಾವ ನಂಟೂ ಇರಲಿಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಶಿಲೀಂಧ್ರ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಪ್ರಕಟಿಸಿ, ಮಳೆಗೆ ಮೊದಲೇ ಇದನ್ನು ಸಿಂಪಡಿಸುವ ಕ್ರಮವನ್ನು ತೋರಿಸಿಕೊಟ್ಟ ಮೇಲೆ ಅದು ಕ್ರಮೇಣ ಇಲ್ಲಿನದೇ ಆಯಿತು. ಹೊರಗಿನ ತಂತ್ರವೊಂದು ಊರಿನದಾಗಲು ಬೆಲೆ ಅಗ್ಗವಾಗಿದ್ದುದಷ್ಟೇ ಕಾರಣವಲ್ಲ. ಏನನ್ನು ಬೆರೆಸಬೇಕು, ಹೇಗೆ ಬೆರೆಸಬೇಕು, ಕೆಟ್ಟರೆ ಕೆಟ್ಟಿದೆಯೆಂದು ಹೇಗೆ ತಿಳಿಯಬೇಕು ಎಂಬ ಮೂರೂ ಸಂಗತಿಗಳು ರೈತನ ಕೈಗೆ ಬಂದವು.

ಇದನ್ನು ನೆನೆಯಲು ಕಾರಣವಿದೆ. ಈಗ ಮತ್ತೊಂದು ತಂತ್ರ ಘಟ್ಟ ಹತ್ತಿ ಬರುತ್ತಿದೆ. ಅದು ಯಂತ್ರದ ಕಣ್ಣು. ಆನೆ ಬಂದರೆ ಗುರುತಿಸಿ ಕೂಗುವ ಕ್ಯಾಮೆರಾ, ಎಲೆಯ ಚಿತ್ರ ನೋಡಿ ರೋಗ ಹೇಳುವ ಮೊಬೈಲು, ಅಡಿಕೆಯನ್ನು ದರ್ಜೆವಾರು ಬೇರ್ಪಡಿಸುವ ಯಂತ್ರ ಇವೆಲ್ಲ ಅದರ ರೂಪಗಳು. ಕೊಯಮತ್ತೂರಿನ ಬಳಿಯ ಮದುಕ್ಕರೈಯಲ್ಲಿ ರೈಲು ಹಳಿ ದಾಟುವ ಆನೆಗಳನ್ನು ಕಾಯಲು ತಮಿಳುನಾಡಿನ ಅರಣ್ಯ ಇಲಾಖೆ 2024ರಲ್ಲಿ ಇಂಥದೊಂದು ವ್ಯವಸ್ಥೆಯನ್ನು ಆರಂಭಿಸಿತು. 2023ರ ಗಣತಿಯಂತೆ 6,395 ಆನೆಗಳಿರುವ ಕರ್ನಾಟಕದಲ್ಲಿ, ಅದರಲ್ಲೂ ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಅಂಥ ಕಣ್ಣುಗಳಿಗೆ ಬೇಡಿಕೆ ಏಳುವುದು ಸಹಜ. ಕಣ್ಣು ಬೇಕೆ ಬೇಡವೆ ಎಂಬ ಚರ್ಚೆ ಒಂದು ಕಡೆಗಿರಲಿ. ಬರುವುದೇ ಆದರೆ ಅದು ಮುಚ್ಚಿದ ಪೆಟ್ಟಿಗೆಯಾಗಿ ಬರಬೇಕೆ, ಬೋರ್ಡೋ ದ್ರಾವಣದಂತೆ ಊರಿನ ಕೈಯಲ್ಲೇ ತಯಾರಾಗಬೇಕೆ ಎಂಬುದು ಇಲ್ಲಿನ ಪ್ರಶ್ನೆ. ಎರಡನೆಯ ದಾರಿ ಇದೆ ಎಂಬುದೇ ಬಹಳ ಮಂದಿಗೆ ತಿಳಿದಿಲ್ಲ.

ಅಂಗೈ ಅಗಲದ ಗಣಕ, ಮುಕ್ತ ಭಂಡಾರ

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ರಾಸ್ಪ್‌ಬೆರಿ ಪೈ ಎಂಬ ಏಕಫಲಕ ಗಣಕ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಶಾಲಾ ಮಕ್ಕಳು ಕಡಿಮೆ ಖರ್ಚಿನಲ್ಲಿ ಪ್ರೋಗ್ರಾಮ್ ಬರೆಯಲು ಕಲಿಯಲಿ ಎಂಬುದು ಅದರ ಮೂಲ ಉದ್ದೇಶ. ಅಂಗೈಯಲ್ಲಿ ಹಿಡಿಯುವ ಒಂದೇ ಹಲಗೆಯ ಮೇಲೆ ಗಣಕದ ಎಲ್ಲ ಅಂಗಗಳೂ ಇವೆ. ಪರದೆ, ಕೀಲಿಮಣೆಗಳನ್ನು ಬೇಕಾದಾಗ ಜೋಡಿಸಿಕೊಳ್ಳಬಹುದು. ಹಾರ್ಡ್ ಡಿಸ್ಕಿನ ಜಾಗದಲ್ಲಿ ಮೊಬೈಲಿಗೆ ಹಾಕುವಂಥ ಮೈಕ್ರೋ ಎಸ್‌ಡಿ ಕಾರ್ಡು. 2019ರಲ್ಲಿ ಬಂದ ನಾಲ್ಕನೆಯ ಮಾದರಿಗೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಸಾಕು. ಅಂದರೆ ಅದು ಎಷ್ಟೇ ದುಡಿದರೂ 15 ವ್ಯಾಟ್‌ನ ಆಸುಪಾಸು. ಒಂದು ಸೌರಫಲಕ ಮತ್ತು ಬ್ಯಾಟರಿ ಇದ್ದರೆ ವಿದ್ಯುತ್ ಕಂಬವಿಲ್ಲದ ತೋಟದ ಅಂಚಿನಲ್ಲೂ ಅದು ನಡೆಯುತ್ತದೆ.

ಈ ಹಲಗೆಗೆ ನೋಟವನ್ನು ಕೊಡುವುದು ಓಪನ್‌ಸಿವಿ ಎಂಬ ತಂತ್ರಾಂಶ ಭಂಡಾರ. ಇಂಟೆಲ್ ಕಂಪನಿಯಲ್ಲಿ ಗ್ಯಾರಿ ಬ್ರಾಡ್ಸ್ಕಿ ಅವರು 1999ರಲ್ಲಿ ಆರಂಭಿಸಿದ ಈ ಕೆಲಸ ಮುಂದಿನ ವರ್ಷವೇ ಸಾರ್ವಜನಿಕರಿಗೆ ತೆರೆದುಕೊಂಡಿತು. ಇಂದು ಅದರಲ್ಲಿ 2,500ಕ್ಕೂ ಹೆಚ್ಚು ಗಣನಾ ಕ್ರಮಗಳಿವೆ. 2020ರಲ್ಲಿ ಬಂದ 4.5ನೆಯ ಆವೃತ್ತಿಯಿಂದ ಅಪಾಚೆ ಪರವಾನಗಿಯಡಿ ಅದನ್ನು ಯಾರೂ ಶುಲ್ಕವಿಲ್ಲದೆ ಬಳಸಬಹುದು, ಬದಲಿಸಬಹುದು, ನಕಲು ಮಾಡಿ ಹಂಚಬಹುದು. ಯಂತ್ರಕ್ಕೆ ಚಿತ್ರವೆಂದರೆ ಅಂಕಿಗಳ ಒಂದು ಕೋಷ್ಟಕ ಮಾತ್ರ. ಪ್ರತಿ ಬಿಂದುವಿಗೆ ನೀಲಿ, ಹಸಿರು, ಕೆಂಪುಗಳ ಮೂರು ಅಂಕಿಗಳು. ಆ ಕೋಷ್ಟಕದಲ್ಲಿ ಹಸಿರೆಷ್ಟು, ಕಂದೆಷ್ಟು, ಹಿಂದಿನ ಕ್ಷಣಕ್ಕೂ ಈ ಕ್ಷಣಕ್ಕೂ ಏನು ಬದಲಾಯಿತು, ಅಲುಗಿದ ಆಕೃತಿಯ ಅಂಚು ಯಾವುದು ಎಂದು ಲೆಕ್ಕಹಾಕುವ ಸಿದ್ಧ ಸಲಕರಣೆಗಳ ಪೆಟ್ಟಿಗೆಯೇ ಓಪನ್‌ಸಿವಿ. ಮಾರುಕಟ್ಟೆಗೆ ಬರುವ ಎಷ್ಟೋ ದುಬಾರಿ ಉಪಕರಣಗಳ ಒಳಗೂ ಇದೇ ಭಂಡಾರ ದುಡಿಯುತ್ತಿರುತ್ತದೆ.

ಕೂರಿಸುವ ಕೆಲಸದ ಹದ

ಹಲಗೆಯೂ ಇದೆ, ಭಂಡಾರವೂ ಇದೆ. ಇವೆರಡನ್ನು ಸೇರಿಸುವ ಕೆಲಸಕ್ಕೆ ಅನುಸ್ಥಾಪನೆ ಎಂದು ಹೆಸರು. ಉತ್ಸಾಹದಿಂದ ಹಲಗೆ ಕೊಂಡ ಅನೇಕರು ಕೈಚೆಲ್ಲುವುದು ಇಲ್ಲಿಯೇ. ಆದ್ದರಿಂದ ಅದರ ಹದವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ.

ಮೊದಲ ದಾರಿ ಸುಲಭವಾದುದು. ರಾಸ್ಪ್‌ಬೆರಿ ಪೈಯ ಕಾರ್ಯಾಚರಣಾ ವ್ಯವಸ್ಥೆ ಡೆಬಿಯನ್ ಲಿನಕ್ಸ್ ಮೇಲೆ ನಿಂತಿದೆ. ಡೆಬಿಯನ್ ಸಮುದಾಯ ಸಿದ್ಧಪಡಿಸಿ ಇಟ್ಟಿರುವ ಓಪನ್‌ಸಿವಿಯ ಕಟ್ಟು ಒಂದೇ ಸಾಲಿನ ಆಜ್ಞೆಗೆ ಇಳಿದು ಬಂದು ಕೂರುತ್ತದೆ. ಆವೃತ್ತಿ ತುಸು ಹಳೆಯದು. 2023ರಲ್ಲಿ ಬಂದ ಬುಕ್‌ವರ್ಮ್ ಬಿಡುಗಡೆಯಲ್ಲಿದ್ದುದು 4.6ನೆಯ ಆವೃತ್ತಿ. ಎಲೆಯ ಮೇಲಿನ ಚುಕ್ಕೆ ಅಳೆಯಲು, ಅಂಗಳಕ್ಕೆ ಬಂದ ಪ್ರಾಣಿಯ ಚಲನೆಯನ್ನು ಹಿಡಿಯಲು ಅಷ್ಟು ಧಾರಾಳವಾಯಿತು. ಹೊಸದರ ಮೋಹವಿಲ್ಲದವರು ಇಲ್ಲಿಗೇ ನಿಲ್ಲಬಹುದು.

ಎರಡನೆಯದು ಪೈಥಾನ್ ಭಾಷೆಯ ಪಿಪ್ ಎಂಬ ಸಾಧನದ ಮೂಲಕ ಹೋಗುವ ದಾರಿ. ಇಲ್ಲಿ ಬುಕ್‌ವರ್ಮ್ ಬಂದಾಗಿನಿಂದ ಒಂದು ಹೊಸ ನಿಯಮ ಜಾರಿಗೆ ಬಂದಿದೆ. ವ್ಯವಸ್ಥೆಯ ಸ್ವಂತ ಪೈಥಾನ್ ಒಳಗೆ ಹೊರಗಿನ ಕಟ್ಟುಗಳನ್ನು ನೇರವಾಗಿ ತುರುಕಲು ಅದು ಬಿಡುವುದಿಲ್ಲ. ಮೊದಲು ಪ್ರತ್ಯೇಕವಾದ ಒಂದು ಕೋಣೆಯನ್ನು, ಅಂದರೆ ವರ್ಚುಯಲ್ ಎನ್ವಿರಾನ್ಮೆಂಟ್ ಅನ್ನು ಸೃಷ್ಟಿಸಿ ಅದರೊಳಗೆ ಕೂರಿಸಬೇಕು. ಹಳೆಯ ಟಿಪ್ಪಣಿಗಳನ್ನು ಹಿಡಿದು ಹೊರಟವರಿಗೆ ಮೊದಲ ಹೆಜ್ಜೆಯಲ್ಲೇ ದೋಷದ ಸಂದೇಶ ಎದುರಾಗುವುದು ಇದರಿಂದಲೇ. ಇದು ಯಂತ್ರದ ಹಟವಲ್ಲ. ಒಂದು ಪ್ರಯೋಗ ಕೆಟ್ಟರೆ ಇಡೀ ಗಣಕ ಕೆಡದಿರಲೆಂಬ ಮುನ್ನೆಚ್ಚರಿಕೆ. ಸಸಿಮಡಿಯನ್ನು ತೋಟದಿಂದ ಬೇರೆ ಇಡುವ ಕ್ರಮ ಬಲ್ಲವರಿಗೆ ಇದರ ತರ್ಕ ಅರ್ಥವಾಗುತ್ತದೆ.

ಮೂರನೆಯದು ಮೂಲಸಂಕೇತವನ್ನೇ ತಂದು ಹಲಗೆಯ ಮೇಲೆ ಕಟ್ಟಿಕೊಳ್ಳುವ ದಾರಿ. ಯಾವ ಭಾಗ ಬೇಕು, ಯಾವುದು ಬೇಡ, ಯಾವ ವೇಗವರ್ಧಕವನ್ನು ಬಳಸಬೇಕು ಎಂಬುದನ್ನೆಲ್ಲ ಇಲ್ಲಿ ತಾನೇ ನಿರ್ಧರಿಸಬಹುದು. ಆದರೆ ಒಂದು ಗಿಗಾಬೈಟ್ ಮೆಮೊರಿಯ ಮೂರನೆಯ ಮಾದರಿಯಲ್ಲಿ ನಾಲ್ಕೂ ಸಂಸ್ಕಾರಕಗಳಿಗೆ ಒಮ್ಮೆಗೇ ಕೆಲಸ ಹಚ್ಚಿದರೆ ಮೆಮೊರಿ ಸಾಲದೆ ಕೆಲಸ ಅರ್ಧದಲ್ಲಿ ಕುಸಿಯುತ್ತದೆ. ಹಳೆಯ ಬಿಡುಗಡೆಗಳಲ್ಲಿ ಕಾರ್ಡಿನ ಮೇಲೆ ಮೀಸಲಾಗಿದ್ದ ಸ್ವಾಪ್ ಜಾಗ 100 ಮೆಗಾಬೈಟ್ ಮಾತ್ರ. ಅದನ್ನು ತಾತ್ಕಾಲಿಕವಾಗಿ ಎರಡು ಗಿಗಾಬೈಟಿಗೆ ಏರಿಸಿ, ಒಂದೋ ಎರಡೋ ಸಂಸ್ಕಾರಕಗಳನ್ನಷ್ಟೇ ದುಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಇಳಿಸಬೇಕು. ಇಳಿಸದಿದ್ದರೆ ಪದೇ ಪದೇ ಬರೆಸಿಕೊಂಡು ಕಾರ್ಡು ಬೇಗ ಸವೆಯುತ್ತದೆ. ಇದೆಲ್ಲಕ್ಕೆ ಹಲವು ಗಂಟೆಗಳು ಬೇಕು. ಬಿಸಿ 80 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಹಲಗೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಪುಟ್ಟ ಫ್ಯಾನೊಂದು ಇದ್ದರೆ ಒಳ್ಳೆಯದು. ನಡುವೆ ಕರೆಂಟು ಹೋದರೆ ಕಾರ್ಡಿನ ಕಡತಗಳೇ ಕೆಡಬಹುದು. ಜೂನ್-ಜುಲೈ ತಿಂಗಳಲ್ಲಿ ಮರ ಬಿದ್ದು ದಿನಗಟ್ಟಲೆ ತಂತಿ ಸತ್ತಿರುವ ಊರುಗಳಲ್ಲಿ ಬ್ಯಾಟರಿಯ ಆಸರೆಯಿಲ್ಲದೆ ಈ ದಾರಿ ಹಿಡಿಯಬಾರದು.

ಯಾವ ದಾರಿಯಲ್ಲಿ ಕೂರಿಸಿದರೂ ಕೊನೆಗೆ ಚಾಕುವಿನ ಪರೀಕ್ಷೆ ಇದ್ದೇ ಇದೆ. ಪೈಥಾನ್ ತೆರೆದು ಭಂಡಾರವನ್ನು ಕರೆದು ಅದರ ಆವೃತ್ತಿ ಕೇಳಬೇಕು. ಉತ್ತರ ಬಂದರೆ ಕೂತಿದೆ. ನಂತರ ಕ್ಯಾಮೆರಾದಿಂದ ಒಂದು ಚಿತ್ರ ತೆಗೆಯಬೇಕು. 2021ರ ಕೊನೆಯಲ್ಲಿ ಬಂದ ಬಿಡುಗಡೆಯಿಂದ ಪೈ ಕ್ಯಾಮೆರಾವನ್ನು ನಡೆಸುವ ವ್ಯವಸ್ಥೆ ಲಿಬ್‌ಕ್ಯಾಮೆರಾಕ್ಕೆ ಬದಲಾಗಿದೆ. ಅದಕ್ಕೆ ಪೈಕ್ಯಾಮೆರಾ-2 ಎಂಬ ಜೊತೆಗಾರ ಬೇಕು. ಹಳೆಯ ಕ್ರಮದಲ್ಲಿ ಕರೆದರೆ ಕ್ಯಾಮೆರಾ ಓಗೊಡುವುದಿಲ್ಲ. ಮೂರನೆಯ ಪರೀಕ್ಷೆ ಬಣ್ಣದ್ದು. ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಓದುತ್ತದೆ. ಬೇರೆ ಬಹುಪಾಲು ತಂತ್ರಾಂಶಗಳು ಕೆಂಪಿನಿಂದ ತೊಡಗುತ್ತವೆ. ಈ ಕ್ರಮ ತಪ್ಪಿದರೆ ಯಂತ್ರ ಯಾವ ದೂರನ್ನೂ ಹೇಳುವುದಿಲ್ಲ. ಸುಮ್ಮನೆ ತಪ್ಪು ಲೆಕ್ಕ ಕೊಡುತ್ತ ಹೋಗುತ್ತದೆ. ಕಂದು ಚುಕ್ಕೆಯನ್ನು ನೀಲಿಯೆಂದು ಎಣಿಸುವ ಯಂತ್ರ ರೋಗದ ಬಗ್ಗೆ ಏನು ಹೇಳಿದರೂ ವ್ಯರ್ಥ. ಒಂದು ಕೆಂಪು ದಾಸವಾಳವನ್ನು ಕ್ಯಾಮೆರಾದ ಮುಂದೆ ಹಿಡಿದರೆ ಈ ತಪ್ಪು ಕೂಡಲೇ ತಿಳಿಯುತ್ತದೆ. ಮುಚ್ಚಿದ ಪೆಟ್ಟಿಗೆ ಕೊಂಡವರಿಗೆ ಇಂಥ ಪರೀಕ್ಷೆಯ ಅವಕಾಶವೇ ಇರುವುದಿಲ್ಲ.

ಕಣ್ಣಿಗೆ ಕಲಿಸಿದವರು ಯಾರು?

ಪೆಟ್ಟಿಗೆಯನ್ನು ನಂಬುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಬೆಳೆರೋಗಗಳ ಗುರುತಿನ ವಿಷಯದಲ್ಲಿ ಜಗತ್ತಿನಾದ್ಯಂತ ಬಳಕೆಯಾದ ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹವನ್ನು ಬಳಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಸಿದ್ಧವಾಗಿದೆ. 54,306 ಚಿತ್ರಗಳು, 14 ಬೆಳೆಗಳು, 26 ರೋಗಗಳು. ಅದೇ ಸಂಗ್ರಹದಿಂದ ಬದಿಗಿಟ್ಟ ಚಿತ್ರಗಳ ಮೇಲೆ ಯಂತ್ರದ ನಿಖರತೆ ಶೇಕಡ 99.35ರಷ್ಟಿತ್ತು. ಬೇರೆ ಸನ್ನಿವೇಶಗಳಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇಕಡ 31ರ ಆಸುಪಾಸಿಗೆ ಕುಸಿಯಿತು. ಇದನ್ನು ಆ ಅಧ್ಯಯನಕಾರರೇ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಜಾಹೀರಾತುಗಳಲ್ಲಿ ಕಾಣಿಸುವುದು ಮಾತ್ರ ಮೊದಲ ಬಗೆಯ ಅಂಕಿ.

ಆ 14 ಬೆಳೆಗಳ ಪಟ್ಟಿಯಲ್ಲಿ ಸೇಬು, ದ್ರಾಕ್ಷಿ, ಟೊಮೆಟೊ, ಆಲೂಗಡ್ಡೆ ಇವೆ, ರಾಸ್ಪ್‌ಬೆರಿಯೂ ಇದೆ. ಅಡಿಕೆ ಇಲ್ಲ, ಏಲಕ್ಕಿ ಇಲ್ಲ, ಕಾಳುಮೆಣಸು ಇಲ್ಲ, ಕಾಫಿಯೂ ಇಲ್ಲ. ಮಲೆನಾಡಿನ ತೋಟ ಆ ಕಣ್ಣಿಗೆ ಕಂಡೇ ಇಲ್ಲ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಸಾಗರದ ಕಡೆಗಳಲ್ಲಿ ಈಚಿನ ವರ್ಷಗಳಲ್ಲಿ ಬೆಳೆಗಾರರನ್ನು ಕಂಗೆಡಿಸಿರುವ ಅಡಿಕೆಯ ಎಲೆಚುಕ್ಕಿ ರೋಗವನ್ನೇ ನೋಡಬಹುದು. ಕೊಲೆಟೊಟ್ರೈಕಮ್, ಫಿಲೊಸ್ಟಿಕ್ಟದಂಥ ಒಂದಕ್ಕಿಂತ ಹೆಚ್ಚು ಶಿಲೀಂಧ್ರಗಳು ಇದರ ಹಿಂದಿವೆ. ಯಾವ ತೋಟದಲ್ಲಿ ಯಾವುದೆಂದು ಖಚಿತವಾಗಿ ಹೇಳಲು ಪ್ರಯೋಗಾಲಯ ಬೇಕು, ಚಿತ್ರವೊಂದೇ ಸಾಲದು. ತಪ್ಪು ಉತ್ತರದ ಬೆಲೆಯನ್ನು ತೆರುವವರು ಪೆಟ್ಟಿಗೆ ಮಾರಿದವರಲ್ಲ. ಬೇಡದ ಔಷಧದ ಖರ್ಚು ರೈತನದು, ಮರ ಹತ್ತಿ ಸಿಂಪಡಿಸುವ ಕೊನೆಗಾರನ ಮೈಗೆ ತಗಲುವ ವಿಷವೂ ಊರಿನದು, ಹಳ್ಳಕ್ಕೆ ಇಳಿಯುವ ವಿಷವೂ ಊರಿನದೇ.

ಹಾಗೆಂದು ಯಂತ್ರದ ಕಣ್ಣು ನಿಷ್ಪ್ರಯೋಜಕವಲ್ಲ. ರೋಗದ ಹೆಸರು ಹೇಳಲಾಗದಿದ್ದರೂ ರೋಗದ ಪ್ರಮಾಣವನ್ನು ಅಳೆಯಲು ಅದಕ್ಕೆ ಸಾಧ್ಯ. ಎಲೆಯನ್ನು ಬಿಳಿ ಹಾಳೆಯ ಮೇಲಿಟ್ಟು ಒಂದೇ ಬಗೆಯ ಬೆಳಕಿನಲ್ಲಿ ಚಿತ್ರ ತೆಗೆದರೆ, ಹಸಿರು ಭಾಗವೆಷ್ಟು, ಒಣಗಿದ ಭಾಗವೆಷ್ಟು ಎಂದು ಪುಟ್ಟ ಹಲಗೆ ಕ್ಷಣದಲ್ಲಿ ಲೆಕ್ಕಹಾಕುತ್ತದೆ. ಹಸಿರಿನ ಇಮ್ಮಡಿಯಿಂದ ಕೆಂಪು, ನೀಲಿಗಳನ್ನು ಕಳೆಯುವ ಸರಳ ಸೂತ್ರವನ್ನು ಗಿಡ ಮತ್ತು ಮಣ್ಣನ್ನು ಬೇರ್ಪಡಿಸಲು ವಿಜ್ಞಾನಿಗಳು 1995ರಿಂದಲೂ ಬಳಸುತ್ತಿದ್ದಾರೆ. ಇಬ್ಬರು ಮನುಷ್ಯರು ಕಣ್ಣಳತೆಯಲ್ಲಿ ಒಂದೇ ಎಲೆಗೆ ಎರಡು ಅಂದಾಜು ಹೇಳುತ್ತಾರೆ. ಬೆಳಕು ಮತ್ತು ದೂರವನ್ನು ಬದಲಿಸದಿದ್ದರೆ ಯಂತ್ರದ ಅಳತೆ ಬದಲಾಗುವುದಿಲ್ಲ. ಆಗಸ್ಟಿನಲ್ಲಿ ಎಷ್ಟಿತ್ತು, ಅಕ್ಟೋಬರಿನಲ್ಲಿ ಎಷ್ಟಾಯಿತು, ಸಿಂಪಡಿಸಿದ ಸಾಲಿಗೂ ಸಿಂಪಡಿಸದ ಸಾಲಿಗೂ ವ್ಯತ್ಯಾಸವೇನು ಎಂಬ ದಾಖಲೆ ಊರಲ್ಲೇ ತಯಾರಾದರೆ ಸಂಶೋಧನಾ ಕೇಂದ್ರದ ಮುಂದೆ ರೈತರು ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ. ಅದೇ ಹಲಗೆ ಕಾಡಿನ ಅಂಚಿನ ಮರಗಳ ಚಿಗುರು, ಹೂವುಗಳ ಕಾಲವನ್ನು ವರ್ಷದುದ್ದಕ್ಕೂ ದಾಖಲಿಸಬಲ್ಲುದು. ಅಮೆರಿಕದಲ್ಲಿ ಫೀನೊಕ್ಯಾಮ್ ಎಂಬ ಕ್ಯಾಮೆರಾ ಜಾಲ 2008ರಿಂದ ಇದನ್ನೇ ಮಾಡುತ್ತಿದೆ. ಹವಾಮಾನದ ಏರುಪೇರಿನ ಬಗ್ಗೆ ಮಾತನಾಡುವ ಪರಿಸರ ಗುಂಪುಗಳಿಗೆ ಇಂಥ ದಾಖಲೆ ದೊಡ್ಡ ಬಲ.

ನೋಡುವವರು ಯಾರು, ಕಾಣಿಸಿಕೊಳ್ಳುವವರು ಯಾರು?

ಕಾಡಿನಲ್ಲಿಟ್ಟ ಕ್ಯಾಮೆರಾ ಹುಲಿ, ಆನೆಗಳನ್ನಷ್ಟೇ ನೋಡುವುದಿಲ್ಲ. ಸೊಪ್ಪು, ಸೌದೆ, ಜೇನು, ಉಪ್ಪಾಗೆ ಸಂಗ್ರಹಿಸಲು ಹೋದವರನ್ನೂ ನೋಡುತ್ತದೆ. ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲು ಪ್ರದೇಶದ ಬಗ್ಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಎತ್ತಿ ತೋರಿಸಿತು. ವನ್ಯಜೀವಿಗಳಿಗೆಂದು ಇಟ್ಟ ಕ್ಯಾಮೆರಾ, ಡ್ರೋನುಗಳು ಸೌದೆಗೆ ಹೋಗುವ ಹೆಂಗಸರನ್ನು ಬೆದರಿಸುವ ಸಾಧನಗಳಾಗಿದ್ದವು. ಅವರು ಕಾಡಿನಲ್ಲಿ ಹಾಡುವುದನ್ನು, ಗಟ್ಟಿಯಾಗಿ ಮಾತನಾಡುವುದನ್ನು ಕಡಿಮೆ ಮಾಡಿದರು. ಆ ಸದ್ದು ಕಾಡುಪ್ರಾಣಿಗಳ ಎದುರು ಅವರಿಗಿದ್ದ ರಕ್ಷಣೆಯೂ ಆಗಿತ್ತು.

ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿದ್ದರೂ ಹಕ್ಕುಪತ್ರಕ್ಕಾಗಿ ಇನ್ನೂ ಕಾಯುತ್ತಿರುವ ಕುಟುಂಬಗಳಿರುವ ಮಲೆನಾಡಿನಲ್ಲಿ ಈ ಎಚ್ಚರಿಕೆ ಹಗುರವಾದುದಲ್ಲ. ಅನುಸ್ಥಾಪನೆಯ ಜ್ಞಾನಕ್ಕೂ ನಾಗರಿಕ ಹಕ್ಕಿಗೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ. ಮುಚ್ಚಿದ ಪೆಟ್ಟಿಗೆ ಚಿತ್ರಗಳನ್ನು ದೂರದ ಸರ್ವರಿಗೆ ಕಳಿಸಿದರೆ ಅಲ್ಲಿ ಅವು ಎಷ್ಟು ಕಾಲ ಇರುತ್ತವೆ, ಯಾರು ನೋಡುತ್ತಾರೆ ಎಂಬುದನ್ನು ಊರು ನಿರ್ಧರಿಸಲಾರದು. ಓಪನ್‌ಸಿವಿ ಕೂತ ಹಲಗೆ ಚಿತ್ರವನ್ನು ಸ್ಥಳದಲ್ಲೇ ಪರಿಶೀಲಿಸುತ್ತದೆ; ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯಲ್ಲೂ ಕೆಲಸ ಮಾಡುತ್ತದೆ. ಮನುಷ್ಯಾಕೃತಿಯನ್ನು ಗುರುತಿಸುವ ಕ್ರಮವೂ ಆ ಭಂಡಾರದಲ್ಲಿದೆ. ಅದನ್ನು ಬಳಸಿ ಮನುಷ್ಯರನ್ನು ಹಿಂಬಾಲಿಸಬಹುದು. ಅದನ್ನೇ ಬಳಸಿ ಮನುಷ್ಯರಿರುವ ಚಿತ್ರವನ್ನು ಉಳಿಸುವ ಮೊದಲೇ ಅಳಿಸಲೂಬಹುದು. ಆ ಗುರುತು ಕೆಲವೊಮ್ಮೆ ತಪ್ಪುವುದರಿಂದ ಉಳಿದ ಚಿತ್ರಗಳನ್ನು ಊರಿನವರೇ ಮತ್ತೊಮ್ಮೆ ನೋಡಬೇಕು. ಎರಡಕ್ಕೂ ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ ಸಾಲುಗಳು. ಯಾವ ಸಾಲು ಬರೆಯಬೇಕು ಎಂಬುದು ಬರೆಯಬಲ್ಲವರು ಯಾರ ಪರವಾಗಿದ್ದಾರೆ ಎಂಬುದನ್ನು ಅವಲಂಬಿಸಿದೆ.

ಆಕ್ಷೇಪಗಳು

ತೋಟದ ಕೆಲಸಕ್ಕೇ ಆಳು ಸಿಗದ ಕಾಲದಲ್ಲಿ ರೈತ ಗಣಕದ ಮುಂದೆ ಕೂತು ರಾತ್ರಿ ಕಳೆಯಬೇಕೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಪ್ರತಿ ಮನೆಯಲ್ಲೂ ಕೊನೆಗಾರ ಇರುವುದಿಲ್ಲ. ಊರಿಗಿಬ್ಬರಿದ್ದರೆ ಹತ್ತಾರು ತೋಟಗಳು ನಡೆಯುತ್ತವೆ. ಅನುಸ್ಥಾಪನೆಯೂ ಹಾಗೆಯೇ. ಹೋಬಳಿಗೆ ನಾಲ್ಕೈದು ಮಂದಿ ಕಲಿತರೆ ಸಾಕು. ಒಬ್ಬರು ಒಮ್ಮೆ ಸರಿಯಾಗಿ ಕೂರಿಸಿ, ಆ ಕಾರ್ಡಿನ ಪೂರ್ಣ ಪ್ರತಿಯನ್ನು ತೆಗೆದಿಟ್ಟರೆ ಮುಂದಿನ ಹಲಗೆಗೆ ರಾತ್ರಿಯಿಡೀ ಕಾಯಬೇಕಿಲ್ಲ. ಬೀಜ ಹಂಚಿಕೊಂಡಂತೆ ಅದನ್ನು ನೆರೆಯೂರಿಗೆ ಕೊಡಬಹುದು. ಪರವಾನಗಿ ಅದಕ್ಕೆ ಅಡ್ಡಿಯಾಗುವುದಿಲ್ಲ.

ಪರಿಸರದ ಹೆಸರಿನಲ್ಲಿ ಇನ್ನಷ್ಟು ವಿದ್ಯುನ್ಮಾನ ಕಸವನ್ನು ಕಾಡಿಗೆ ತರುವುದು ಎಷ್ಟು ಸರಿ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಪೂರ್ತಿ ಸಮಾಧಾನ ಇಲ್ಲ. ಹಲಗೆಯೊಳಗಿನ ಲೋಹಗಳೂ ಯಾವುದೋ ನೆಲವನ್ನು ಅಗೆದೇ ಬಂದಿವೆ. ಆದರೂ ಕೆಟ್ಟ ಕಾರ್ಡನ್ನಷ್ಟೇ ಬದಲಿಸಿ ಹಲಗೆಯನ್ನು ಉಳಿಸಿಕೊಳ್ಳಬಲ್ಲ, ಆನೆ ಕಾಯುವ ಕೆಲಸ ಮುಗಿದ ಮೇಲೆ ಶಾಲೆಯ ಪಾಠಕ್ಕೆ ಕೊಡಬಲ್ಲ ಸಾಧನಕ್ಕೂ, ಕಂಪನಿ ಕೈಬಿಟ್ಟೊಡನೆ ಕಸವಾಗುವ ಪೆಟ್ಟಿಗೆಗೂ ವ್ಯತ್ಯಾಸವಿದೆ. ದುರಸ್ತಿ ಬಲ್ಲವರಿರುವ ಊರಿನಲ್ಲಿ ಕಸ ಕಡಿಮೆ.

ಆಗಬೇಕಾದುದೇನು?

ಮೊದಲನೆಯದಾಗಿ, ಅನುಸ್ಥಾಪನೆಯ ಕ್ರಮ ಕನ್ನಡದಲ್ಲಿ ದಾಖಲಾಗಬೇಕು. ಯಾವ ಮಾದರಿಯ ಹಲಗೆ, ಕಾರ್ಯಾಚರಣಾ ವ್ಯವಸ್ಥೆಯ ಯಾವ ಬಿಡುಗಡೆ, ಓಪನ್‌ಸಿವಿಯ ಯಾವ ಆವೃತ್ತಿ, ಯಾವ ದಿನಾಂಕ ಎಂಬ ನಾಲ್ಕು ವಿವರಗಳಿಲ್ಲದ ಟಿಪ್ಪಣಿ ಎರಡು ವರ್ಷಗಳಲ್ಲಿ ದಾರಿ ತಪ್ಪಿಸುತ್ತದೆ. ಎರಡನೆಯದಾಗಿ, ಮಲೆನಾಡಿನ ಐಟಿಐ, ಪಾಲಿಟೆಕ್ನಿಕ್, ಪ್ರೌಢಶಾಲೆಗಳ ಮಕ್ಕಳಿಗೆ ಈ ಕೆಲಸವನ್ನು ರಜೆಯ ಶಿಬಿರಗಳಲ್ಲಿ ಕಲಿಸಬೇಕು. ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋದ ಊರಿನ ಹುಡುಗ ಹುಡುಗಿಯರು ಹಬ್ಬಕ್ಕೆ ಬಂದಾಗ ಅರ್ಧ ದಿನ ಕೊಟ್ಟರೂ ಸಾಕು. ಮೂರನೆಯದಾಗಿ, ಅಡಿಕೆ, ಏಲಕ್ಕಿ, ಕಾಳುಮೆಣಸಿನ ರೋಗಚಿತ್ರಗಳನ್ನು ತಜ್ಞರು ಗುರುತಿಸಿದ ಹೆಸರುಗಳ ಸಮೇತ ಮುಕ್ತ ಪರವಾನಗಿಯಡಿ ಪ್ರಕಟಿಸುವ ಹೊಣೆಯನ್ನು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಂಥ ಸಾರ್ವಜನಿಕ ಸಂಸ್ಥೆಗಳು ಹೊರಬೇಕು. ರೈತರ ತೋಟದಲ್ಲಿ ತೆಗೆದ ಚಿತ್ರ ರೈತರಿಗೇ ಮರಳಿ ಸಿಗದಿದ್ದರೆ ಅದು ಅನ್ಯಾಯ. ನಾಲ್ಕನೆಯದಾಗಿ, ಕಾಡಿನಂಚಿನಲ್ಲಿ ಯಾರೇ ಕ್ಯಾಮೆರಾ ನಿಲ್ಲಿಸುವುದಿದ್ದರೂ ಅದು ಏನನ್ನು ಉಳಿಸುತ್ತದೆ, ಏನನ್ನು ಅಳಿಸುತ್ತದೆ ಎಂಬುದನ್ನು ಗ್ರಾಮಸಭೆಯ ಮುಂದೆ ತೆರೆದು ತೋರಿಸಿ ಒಪ್ಪಿಗೆ ಪಡೆಯಬೇಕು. ತೋರಿಸಲು ಒಪ್ಪದ ಪೆಟ್ಟಿಗೆಗೆ ಊರಿನಲ್ಲಿ ಜಾಗ ಕೊಡಬಾರದು.

ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಯಾವ ಅನುದಾನವೂ ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಒಂದು ಹಲಗೆ, ಒಂದು ಕಾರ್ಡು, ಒಂದು ಬ್ಯಾಟರಿ, ನೋಟ್‌ಬುಕ್ಕು ಮತ್ತು ಒಂದೆರಡು ರಾತ್ರಿಗಳ ತಾಳ್ಮೆ ಸಾಕು. ಮಳೆಗಾಲದ ಬಿಡುವಿನಲ್ಲಿ ಊರಿಗೊಬ್ಬರು ಇದಕ್ಕೆ ಕೈಹಾಕಿದರೆ, ಮುಂದಿನ ಬಾರಿ ಪೆಟ್ಟಿಗೆ ಮಾರಲು ಬಂದವರನ್ನು ಏನು ಕೇಳಬೇಕೆಂಬುದಾದರೂ ಊರಿಗೆ ಗೊತ್ತಿರುತ್ತದೆ.